ನಟ್ಟು ಎಳೆಯುವಷ್ಟು ಜಾಗ

ನನಗೆ ಇರುವುದು ಒಬ್ಬಳೇ ಮಗಳು, ಒಬ್ಬರೇ ಅಳಿಯಂದಿರು. ಹೆಂಡತಿ ಹೋದ ಮೇಲೆ ನಾನು ಅವರ ಮನೆಯಲ್ಲಿಯೇ ಇದ್ದೇನೆ. ಕೆಳಗೆ ಫೋಟೋ ಸ್ಟುಡಿಯೋ, ಮೇಲೆ ಎರಡು ಕೋಣೆ, ಅದರ ಮೇಲೆ ಬಯಲು ಮಾಳಿಗೆ. ಸ್ಟುಡಿಯೋದ ಬೋರ್ಡು ಇಳಿಸಿದ ದಿನ ಏಣಿ ಹಿಡಿದು ನಿಂತವನು ನಾನೇ. ಇಪ್ಪತ್ತೆರಡು ವರ್ಷ ಆ ಬೋರ್ಡಿನ ಕೆಳಗೆ ಅಳಿಯಂದಿರು ಜನರನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಎತ್ತಿಸಿ, ಹೆಗಲು ಇಳಿಸಿ ಫೋಟೋ ತೆಗೆದಿದ್ದರು. ಆಮೇಲೆ ಎಲ್ಲರ ಜೇಬಿಗೂ ಕ್ಯಾಮೆರಾ ಬಂತು. ಸ್ಟೂಲು ಹಾಗೇ ಉಳಿಯಿತು, ಕೂರುವವರು ಬರಲಿಲ್ಲ.

ಬೋರ್ಡು ಇಳಿದ ಮೇಲೆ ಅವರಿಗೆ ಮಾತೂ ಇಳಿದುಹೋಯಿತು. ಮಗಳು ಔಷಧಿ ಅಂಗಡಿಗೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಮೊದಲೇ ಮಾತು ಕಡಿಮೆಯವನು. ಇಬ್ಬರು ಮೂಕರ ನಡುವೆ ಗೋಡೆ ಗಡಿಯಾರವೊಂದೇ ವಾಚಾಳಿ ಎಂದು ಮಗಳು ಆಡಿಕೊಳ್ಳುತ್ತಿದ್ದಳು.

ಹಾಗಿರುವಾಗ ಒಂದು ದಿನ ಅಳಿಯಂದಿರು ಸ್ಟುಡಿಯೋದ ದೊಡ್ಡ ದೀಪಗಳನ್ನು ಯಾರಿಗೋ ಕೊಟ್ಟು, ಬದಲಿಗೆ ಒಂದು ಹಳೆಯ ದೂರದರ್ಶಕ ಹೊತ್ತು ತಂದರು. ಮೂರು ಕಾಲಿನ ಉಕ್ಕಿನ ನಿಲುವು, ಅದರ ಮೇಲೆ ಮೌಂಟ್ ಎಂಬ ಮೋಟಾರಿನ ತಲೆ, ಆ ತಲೆಯ ಮೇಲೆ ಮೊಳದುದ್ದದ ಕೊಳವೆ. ಕಣ್ಣಿಡುವ ಜಾಗಕ್ಕೆ ತಮ್ಮ ಕ್ಯಾಮೆರಾವನ್ನೇ ತಿರುಪಿ ಕೂರಿಸಿದರು. ಸಂಜೆಯಾದರೆ ಮಾಳಿಗೆ ಹತ್ತುತ್ತಿದ್ದರು. ಮಗಳು ಅದಕ್ಕೆ ಸವತಿ ಎಂದು ಹೆಸರಿಟ್ಟಳು. ಬೆಳಿಗ್ಗೆ ಟವೆಲು ಕೊಡವುತ್ತಾ, ಸವತಿಗೆ ರಾತ್ರಿ ಚಳಿ ಆಯಿತಂತಾ, ಕಂಬಳಿ ಹೊದಿಸಿದಿರಾ ಎಂದು ಗಂಡನನ್ನು ಕೇಳುವಳು. ಬೈಗುಳವಲ್ಲ ಅದು. ಗಂಡ ಎದ್ದು ಓಡಾಡುತ್ತಿದ್ದಾನಲ್ಲ ಎಂಬ ಸಮಾಧಾನ ಆ ಮಾತಿನ ಒಳಗಿತ್ತು.

ಈ ಚಳಿಗಾಲ ಶುರುವಾದಾಗ ಊರಾಚೆಯ ವಿಜ್ಞಾನ ಕೇಂದ್ರದವರು ಒಂದು ಕೆಲಸಕ್ಕೆ ಜನ ಕರೆದರು. ಬಂದವರಿಗೆ ಆಕಾಶ ತೋರಿಸುವುದು, ಅಲ್ಲಿಯ ದೊಡ್ಡ ದೂರದರ್ಶಕ ನೋಡಿಕೊಳ್ಳುವುದು. ಓದು ಎಷ್ಟು ಎಂದು ಕೇಳಿರಲಿಲ್ಲ. ಒಂದು ಫೋಟೋ ಕೇಳಿದ್ದರು. ಸ್ವಂತ ಕೈಯಿಂದ ತೆಗೆದದ್ದು, ಮೂರು ನಿಮಿಷ ಒಂದೇ ಸಮ ತೆರೆದಿಟ್ಟು ತೆಗೆದದ್ದು, ಜೋಡಿಸಿದ್ದಾಗಲೀ ತಿದ್ದಿದ್ದಾಗಲೀ ಅಲ್ಲ. ಅದರಲ್ಲಿ ನಕ್ಷತ್ರಗಳು ದುಂಡಗಿರಬೇಕು. ಅಷ್ಟೇ.

ಇದರ ಜೊತೆಗೆ ಇನ್ನೊಂದು ಕರೆಯೂ ಇತ್ತು. ಅಳಿಯಂದಿರ ಅಣ್ಣನದು ದೂರದ ಊರಿನಲ್ಲಿ ಒಂದು ಕೋಲ್ಡ್ ಸ್ಟೋರೇಜ್. ಬಂದು ಗೇಟಿನಲ್ಲಿ ಕೂತು ಒಳಗೆ ಹೋಗುವ ಹೊರಗೆ ಬರುವ ಲಾರಿ ನೋಡಿಕೋ, ಎಷ್ಟು ದಿನ ಚುಕ್ಕಿ ಎಣಿಸ್ತೀಯ ಎಂದು ಅವರು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ತಮ್ಮ ಕೆಟ್ಟುಹೋಗುತ್ತಾನೆ ಎಂಬ ಭಯ. ಕೊನೆಗೆ ಶನಿವಾರ ರಾತ್ರಿಯೊಳಗೆ ಹೂಂ ಅನ್ನು, ಇಲ್ಲ ಉಹೂಂ ಅನ್ನು ಎಂದು ಗಡುವು ಹಾಕಿದರು. ಫೋಟೋ ಕೊಡಬೇಕಾದದ್ದು ಭಾನುವಾರ ಬೆಳಿಗ್ಗೆ. ಅಳಿಯಂದಿರ ಕೈಯಲ್ಲಿ ಉಳಿದದ್ದು ಮೂರು ಸಂಜೆ.

ಮೊದಲ ಸಂಜೆ ನಾನೂ ಮಾಳಿಗೆ ಹತ್ತಿದೆ. ಟಾರ್ಚು ಹಿಡಿಯಲು ಒಬ್ಬರು ಬೇಕಿತ್ತು. ಆ ದಿನ ನಾನು ಕೇಳದೆಯೇ ಅವರು ಎಲ್ಲವನ್ನೂ ಬಿಡಿಸಿ ಹೇಳಿದರು. ಬೋರ್ಡು ಇಳಿದ ಎರಡು ವರ್ಷದಲ್ಲಿ ಅಷ್ಟು ಮಾತು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಭೂಮಿ ತಿರುಗುವುದರಿಂದ ನಕ್ಷತ್ರಗಳು ಜರುಗಿದಂತೆ ಕಾಣುತ್ತವಂತೆ. ಮೂರು ನಿಮಿಷ ಕ್ಯಾಮೆರಾ ಸುಮ್ಮನೆ ಇಟ್ಟರೆ ಚುಕ್ಕಿ ಹೋಗಿ ಗೆರೆಯಾಗುತ್ತದೆ. ಅದಕ್ಕೇ ಮೌಂಟು ಕ್ಯಾಮೆರಾವನ್ನು ನಕ್ಷತ್ರದ ಬೆನ್ನ ಹಿಂದೆಯೇ ಮೆಲ್ಲಗೆ ತಿರುಗಿಸುತ್ತಾ ಒಯ್ಯುತ್ತದೆ. ಆದರೆ ಮೌಂಟು ತಿರುಗುವ ಅಚ್ಚು ಸರಿಯಾಗಿ ಧ್ರುವಕ್ಕೇ ನೆಟ್ಟಿರಬೇಕು. ಆಕಾಶವೆಲ್ಲ ಯಾವ ಬಿಂದುವಿನ ಸುತ್ತ ತಿರುಗುತ್ತದೋ ಆ ಬಿಂದುವಿಗೆ. ಕೂದಲೆಳೆ ತಪ್ಪಿದರೂ ಚುಕ್ಕಿ ಉದ್ದವಾಗುತ್ತದೆ.

ಹಾಗಾದರೆ ಧ್ರುವ ನಕ್ಷತ್ರ ನೋಡಿ ಕೂರಿಸಿದರಾಯಿತಲ್ಲ ಎಂದೆ. ಅವರು ಪಕ್ಕದ ಕಟ್ಟಡದ ಕಡೆ ಕೈ ತೋರಿಸಿದರು. ಅದರ ನೀರಿನ ತೊಟ್ಟಿ ಸರಿಯಾಗಿ ಧ್ರುವಕ್ಕೇ ಅಡ್ಡ ನಿಂತಿತ್ತು.

ಅದಕ್ಕೆ ಅವರು ಕಂಡುಕೊಂಡಿದ್ದ ಉಪಾಯ ಫೋಟೋದ್ದು. ಆಕಾಶ ಎಲ್ಲಿ ತೆರವಿದೆಯೋ ಅಲ್ಲಿಗೆ ತಿರುಗಿಸಿ ಒಂದು ಫೋಟೋ. ಮೌಂಟನ್ನು ಅದರ ಅಚ್ಚಿನ ಸುತ್ತ ಒಂದಿಷ್ಟು ತಿರುಗಿಸಿ ಇನ್ನೊಂದು. ಮತ್ತೆ ತಿರುಗಿಸಿ ಮೂರನೆಯದು. ಲ್ಯಾಪ್‌ಟಾಪಿನ ಸಾಫ್ಟ್‌ವೇರು ಒಂದೊಂದರಲ್ಲೂ ಯಾವ ಯಾವ ನಕ್ಷತ್ರ ಇವೆ ಎಂದು ಗುರುತು ಹಿಡಿದು, ಮೂರನ್ನೂ ತಾಳೆ ಹಾಕಿ, ನಿನ್ನ ಅಚ್ಚು ಧ್ರುವದಿಂದ ಬಲಕ್ಕೆ ಇಷ್ಟು, ಕೆಳಕ್ಕೆ ಇಷ್ಟು ತಪ್ಪಿದೆ ಎಂದು ಅಂಕಿ ಕೊಡುತ್ತದೆ. ಒಂದು ಡಿಗ್ರಿಯನ್ನು ಅರವತ್ತು ಪಾಲು ಮಾಡಿದರೆ ಎಷ್ಟು ಪಾಲು ತಪ್ಪಿದೆ ಎಂಬುದೇ ಆ ಅಂಕಿ. ಮೌಂಟಿನ ತಿರುಪು ತಿರುಗಿಸುತ್ತಾ ಹೋದ ಹಾಗೆ ಅಂಕಿ ಇಳಿಯುತ್ತದೆ.

ನಾನು ಓದಿದವನಲ್ಲ. ಎರಡನೇ ತರಗತಿಯಲ್ಲಿ ಸ್ಲೇಟು ಒಡೆಯಿತು, ಹೊಸದು ಬರಲಿಲ್ಲ. ನಲವತ್ತಾರು ವರ್ಷ ಸೈಕಲ್ ರಿಪೇರಿ ಮಾಡಿದೆ. ಆದರೆ ಈ ಮೂರು ಫೋಟೋದ ಲೆಕ್ಕ ನನಗೆ ಕೂಡಲೇ ತಲೆಗೆ ಹೋಯಿತು. ಚಕ್ರದ ಬೆಂಡು ತೆಗೆಯುವಾಗ ನಾವು ಮಾಡುವುದೂ ಅದೇ. ನಿಂತ ಚಕ್ರ ನೋಡಿದರೆ ಬೆಂಡು ತಿಳಿಯುವುದಿಲ್ಲ. ತಿರುಗಿಸಬೇಕು, ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿಯಬೇಕು. ಎಲ್ಲಿ ತಾಗಿತೋ ಅಲ್ಲಿ ಕಡ್ಡಿ ಬಿಗಿಯಬೇಕು. ಇದನ್ನು ಹೇಳಿದೆ. ಅಳಿಯಂದಿರು ಟಾರ್ಚಿನ ಬೆಳಕಿನಲ್ಲಿ ನನ್ನನ್ನು ನೋಡಿ, "ಅಷ್ಟೇ ಮಾವ. ಇದು ಆಕಾಶದ ಸೀಮೆಸುಣ್ಣ" ಎಂದರು.

ಅಂಕಿ ಒಂದಕ್ಕೆ ಇಳಿಯಿತು. ತಲೆಯನ್ನು ಕಾಲಿಗೆ ಕಚ್ಚಿ ಹಿಡಿಯುವ ದೊಡ್ಡ ನಟ್ಟು ಕೆಳಗಿತ್ತು. ಅದನ್ನು ಬಿಗಿದರು. ಕೃತ್ತಿಕೆಯ ಗೊಂಚಲಿನ ಕಡೆ ತಿರುಗಿಸಿ ಮೂರು ನಿಮಿಷ ಕಾದರು. ಪರದೆಯ ಮೇಲೆ ಬಂದದ್ದು ಚುಕ್ಕಿಗಳಲ್ಲ, ಅಕ್ಕಿಕಾಳು. ಎಲ್ಲವೂ ಒಂದೇ ಓರೆಯಲ್ಲಿ ಮಲಗಿದ್ದವು. ಇನ್ನೊಮ್ಮೆ ತೆಗೆದರೂ ಅಕ್ಕಿಕಾಳೇ. ಸಾಫ್ಟ್‌ವೇರು ಸರಿ ಎಂದಿದೆಯಲ್ಲ, ಹಾಗಾದರೆ ಮೋಟಾರಿನದೇ ದೋಷ ಎಂದು ಅವರು ತೀರ್ಮಾನ ಮಾಡಿದರು.

ಮಾರನೆಯ ದಿನವೆಲ್ಲ ಮೋಟಾರು ಬಿಚ್ಚಿ, ಹಲ್ಲು ಒರೆಸಿ, ಗ್ರೀಸು ಹಚ್ಚಿ ಕೂಡಿಸಿದರು. ಸಂಜೆ ದೊಡ್ಡ ನಟ್ಟು ಸಡಿಲಿಸಿ ಮತ್ತೆ ಮೂರು ಫೋಟೋ, ಮತ್ತೆ ತಿರುಪು. ಅಂಕಿ ಸೊನ್ನೆಗೇ ಬಂತು. ನಟ್ಟು ಬಿಗಿಯುವ ಮೊದಲೇ ಮೋಡ ಮುಚ್ಚಿತು. ಹತ್ತು ಗಂಟೆವರೆಗೆ ಕಾದು, ತಾಡಪಾಲು ಹೊದಿಸಿ ಕೆಳಗೆ ಬಂದರು. ನಾಳೆ ತಾಡಪಾಲು ತೆಗೆದ ಕೂಡಲೇ ಫೋಟೋ ತೆಗೆಯೋದೇ ಬಾಕಿ, ಯಾರೂ ಟೆಲಿಸ್ಕೋಪ್ ಮುಟ್ಟಬೇಡಿ ಎಂದು ಊಟದ ಹೊತ್ತಿಗೆ ನಮ್ಮಿಬ್ಬರಿಗೂ ಹೇಳಿದರು.

ಇಲ್ಲಿ ನಾನು ಒಂದು ಹಳೆಯ ಮಾತು ಹೇಳಬೇಕು. ಮದುವೆಯಾದ ಹೊಸತು, ಅಂಗಡಿಯೂ ಹೊಸತು. ಬೇಕರಿಯ ಬ್ರೆಡ್ಡು ಮನೆಮನೆಗೆ ಹಾಕುವವನೊಬ್ಬ ಪಂಕ್ಚರ್ ಹಾಕಿಸಲು ಬಂದಿದ್ದ. ಮುಂದಿನ ಚಕ್ರ ಕೂಡಿಸಿ, ನಟ್ಟನ್ನು ಬೆರಳಲ್ಲಿ ತಿರುಗಿಸಿ ಬಿಟ್ಟು, ಸ್ಪ್ಯಾನರ್ ಹಾಕುವಷ್ಟರಲ್ಲಿ ಯಾರೋ ನನ್ನನ್ನು ಕರೆದರು. ಅವನು ಹೊರಟುಹೋದ. ಇಳಿಜಾರಿನಲ್ಲಿ ಚಕ್ರ ಕಳಚಿತು. ಹೆಗಲ ಮೂಳೆ ಮುರಿದು, ಎಡಗೈ ಮತ್ತೆಂದೂ ತಲೆಯವರೆಗೆ ಏಳಲಿಲ್ಲ. ರಸ್ತೆಯ ಹೊಂಡದಿಂದ ಆಯಿತು ಎಂದು ಜನ ಅಂದರು. ಅವನೂ ಹಾಗೇ ಅಂದುಕೊಂಡ. ನೋಡಲು ಹೋದ ನಾನು ಮಂಚದ ಪಕ್ಕ ಕೂತು, ಹೌದು, ಆ ಹೊಂಡ ಬಹಳ ಕೆಟ್ಟದ್ದು ಎಂದು ಎದ್ದುಬಂದೆ. ಹೆಂಡತಿಗೂ ಹೇಳಲಿಲ್ಲ. ಅಂದಿನಿಂದ ಸಡಿಲ ನಟ್ಟು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಪಾರ್ಕಿನ ಬೆಂಚಿನದ್ದಾದರೂ ಸರಿ, ಬಸ್ಸಿನ ಸೀಟಿನದ್ದಾದರೂ ಸರಿ.

ಶನಿವಾರ ಬೆಳಿಗ್ಗೆ ಒದ್ದೆ ಬಟ್ಟೆ ಹರವಲು ಮಾಳಿಗೆಗೆ ಹೋದೆ. ಗಾಳಿಗೆ ತಾಡಪಾಲಿನ ಒಂದು ಮೂಲೆ ಎದ್ದಿತ್ತು. ಕಟ್ಟಲು ಬಗ್ಗಿದಾಗ ದೊಡ್ಡ ನಟ್ಟು ಕಣ್ಣಿಗೆ ಬಿತ್ತು. ಬೆರಳಿಟ್ಟೆ, ಅಲುಗಾಡಿತು. ಇಷ್ಟು ಭಾರದ ತಲೆ, ಸಡಿಲ ನಟ್ಟು, ಮೇಲೆ ಗಾಳಿ. ಟೆಲಿಸ್ಕೋಪ್ ಮುಟ್ಟಬೇಡಿ ಎಂದಿದ್ದು ನೆನಪಿತ್ತು. ನಟ್ಟು ಟೆಲಿಸ್ಕೋಪ್ ಅಲ್ಲವಲ್ಲ ಎಂದು ಮನಸ್ಸು ವಕೀಲಿಕೆ ಮಾಡಿತು. ಕೆಳಗೆ ಹೋಗಿ ನನ್ನ ಹಳೇ ಚೀಲದಿಂದ ಸ್ಪ್ಯಾನರ್ ತಂದು ಅರ್ಧ ಸುತ್ತು ಬಿಗಿದೆ. ಒಳ್ಳೆಯ ಕೆಲಸ ಮಾಡಿದೆ ಎಂದು ಮಧ್ಯಾಹ್ನ ನಿದ್ದೆಯನ್ನೂ ಮಾಡಿದೆ.

ಸಂಜೆ ಆಕಾಶ ತೊಳೆದಿಟ್ಟಂತಿತ್ತು. ಮಗಳೂ ಕೆಲಸದಿಂದ ಬೇಗ ಬಂದು, ಶಾಲು ಸುತ್ತಿಕೊಂಡು ಮೇಲೆ ಬಂದಳು. ಅಳಿಯಂದಿರು ತಾಡಪಾಲು ತೆಗೆದು, ದೊಡ್ಡ ನಟ್ಟು ಬಿಗಿಯಾಗಿಯೇ ಇದೆ ಎಂದು ಮುಟ್ಟಿ ನೋಡಿ, ಕೃತ್ತಿಕೆಗೆ ತಿರುಗಿಸಿ ಗುಂಡಿ ಒತ್ತಿದರು. ಮೂರು ನಿಮಿಷ ಯಾರೂ ಕಾಲು ಕದಲಿಸಲಿಲ್ಲ. ಪರದೆಯಲ್ಲಿ ಮತ್ತೆ ಅದೇ ಅಕ್ಕಿಕಾಳು.

ಅವರು ಬಹಳ ಹೊತ್ತು ನೋಡಿದರು. ಬೈಯಲಿಲ್ಲ, ಬಡಿಯಲಿಲ್ಲ. ಸ್ಟುಡಿಯೋದಿಂದ ಉಳಿದಿದ್ದ ಆ ಸ್ಟೂಲಿನ ಮೇಲೆ ಕೂತು, ಜೇಬಿನಿಂದ ಫೋನು ತೆಗೆದರು. "ನಿನ್ನೆ ಸೊನ್ನೆ ಇತ್ತು. ಇದಕ್ಕಿಂತ ಚೆನ್ನಾಗಿ ನಂಗೆ ಮಾಡೋಕೆ ಬರಲ್ಲ" ಎಂದು ಹೆಂಡತಿಗೆ ಹೇಳಿದರು. "ಅಣ್ಣನಿಗೆ ಬರ್ತೀನಿ ಅಂದುಬಿಡ್ತೀನಿ."

ಮಗಳು ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತಳು.

ನಾನು ಹೇಳದಿದ್ದರೂ ನಡೆಯುತ್ತಿತ್ತು. ಗಾಳಿ ಬೀಸಿತ್ತು, ಮೋಟಾರು ಹಳೆಯದು, ದೂರಲು ಹೊಂಡಗಳಿಗೇನು ಬರ. ಆ ಬ್ರೆಡ್ಡಿನವನ ಮಂಚ ಕಣ್ಣ ಮುಂದೆ ಬಂತು.

"ಅಳಿಯಂದ್ರೇ, ಫೋನ್ ಮಾಡ್ಬೇಡಿ" ಎಂದೆ. "ಬೆಳಿಗ್ಗೆ ನಾನು ಆ ನಟ್ಟು ಬಿಗಿದೆ. ಸಡಿಲ ಇತ್ತು, ಬಿಗಿದುಬಿಟ್ಟೆ."

ಅವರ ಕೈ ಅಲ್ಲೇ ನಿಂತಿತು. ಮಗಳು ಮಾತ್ರ ಸುಮ್ಮನಿರಲಿಲ್ಲ. "ಅಪ್ಪಾ, ನಿನ್ನ ಕೈಗೆ ಒಂದು ದಿನನಾದ್ರೂ ರಜಾ ಕೊಡೋಕಾಗಲ್ವಾ? ಈ ಮನೇಲಿ ಬಾಗಿಲು ಚಿಲಕ ಎಲ್ಲ ಎಷ್ಟು ಬಿಗಿ ಮಾಡಿದ್ದೀಯ ಅಂದ್ರೆ, ಕಳ್ಳ ಹಾಗಿರಲಿ, ನಾವೇ ಒಳಗೆ ಬರೋಕಾಗಲ್ಲ." ಹೇಳುತ್ತಾ ಹೇಳುತ್ತಾ ಅವಳ ದನಿ ಒಡೆಯಿತು. ನಾನು ತಲೆ ತಗ್ಗಿಸಿದೆ. ಅದು ನನಗೆ ಬರಬೇಕಾದದ್ದೇ.

ಅಳಿಯಂದಿರು ಎದ್ದು ಬಂದರು. ಎಷ್ಟು ಬಿಗಿದಿರಿ ಎಂದು ಕೇಳಿದರು. ಅರ್ಧ ಸುತ್ತು ಎಂದೆ. ಸಿಟ್ಟು ಬರಲೆಂದು ಕಾದೆ. ಬರಲಿಲ್ಲ. ಅದರ ಬದಲು ಅವರ ಮುಖ ಇನ್ನೂ ಸೋತಿತು. "ನಿಮ್ಮದೇನೂ ತಪ್ಪಿಲ್ಲ ಮಾವ. ನೀವು ಬಿಗೀದೇ ಇದ್ದಿದ್ರೆ ಫೋಟೋಗೆ ಮುಂಚೆ ನಾನೇ ಬಿಗೀತಿದ್ದೆ. ಅದನ್ನ ಬಿಗೀಲೇಬೇಕು, ಇಲ್ಲಾಂದ್ರೆ ತಲೆ ಅಲ್ಲಾಡುತ್ತೆ. ಮೊದಲ ದಿನಾನೂ ಬಿಗಿದೇ ತೆಗೆದಿದ್ದು."

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಮೊದಲ ದಿನದ ಫೋಟೋ ಇದೆಯೇ ಎಂದು ಕೇಳಿದೆ. ಇತ್ತು. ಎರಡನ್ನೂ ಅಕ್ಕಪಕ್ಕ ಇಡಿ ಎಂದೆ. ಇಟ್ಟರು. ನನ್ನ ಕಣ್ಣು ಮಬ್ಬು, ಆದರೂ ಕಂಡಿತು. ಅಂದಿನ ಅಕ್ಕಿಕಾಳೂ ಇಂದಿನ ಅಕ್ಕಿಕಾಳೂ ಒಂದೇ ಕಡೆಗೆ ಓರೆ, ಒಂದೇ ಉದ್ದ. ಅಂದು ಬಿಗಿದದ್ದು ಅವರ ಕೈ, ಇಂದು ನನ್ನ ಕೈ. ಕೈ ಎರಡಾದರೂ ನಟ್ಟು ಒಂದೇ.

ನಾನು ಕೂತು ಆ ನಟ್ಟನ್ನು ಸಡಿಲಿಸಿ, ಒಂದು ಬೆರಳನ್ನು ತಲೆಯ ಅಂಚಿಗೂ ಕಾಲಿಗೂ ನಡುವೆ ಇಟ್ಟು ಮತ್ತೆ ಬಿಗಿದೆ. ಕಣ್ಣಿಗೆ ಕಾಣದಷ್ಟು, ಬೆರಳಿಗೆ ತಿಳಿಯುವಷ್ಟು ತಲೆ ಬಲಕ್ಕೆ ಜರುಗಿತು. ತಲೆಯನ್ನು ತಡೆದು ಹಿಡಿಯಬೇಕಾದ ಒಳಗಿನ ಗೂಟ ಸವೆದಿತ್ತು. ಎಷ್ಟು ಕೈ ದಾಟಿ ಬಂದ ಮೌಂಟೋ ಏನೋ.

ಹಿಂದಿನ ಚಕ್ರ ಕೂಡಿಸುವಾಗ ಇದು ಪ್ರತಿ ದಿನದ ಕಥೆ. ಚಕ್ರವನ್ನು ಸರಿಯಾಗಿ ನಡುವೆ ಇಟ್ಟು ನಟ್ಟು ಬಿಗಿದರೆ, ಕೊನೆಯ ಅರ್ಧ ಸುತ್ತಿನಲ್ಲಿ ಅದು ಚಕ್ರವನ್ನು ಎಳೆದುಕೊಂಡು ಹೋಗಿ ಫ್ರೇಮಿಗೆ ತಾಗಿಸುತ್ತದೆ. ಹೊಸಬ ಮತ್ತೆ ಮತ್ತೆ ಬಿಚ್ಚಿ ನಡುವೆಯೇ ಇಡುತ್ತಾನೆ, ಮತ್ತೆ ಮತ್ತೆ ತಾಗುತ್ತದೆ. ಹಳಬ ಮೊದಲೇ ಚಕ್ರವನ್ನು ಎದುರು ಕಡೆಗೆ ಒಂದಿಷ್ಟು ವಾಲಿಸಿ ಇಡುತ್ತಾನೆ. ನಟ್ಟೇ ಅದನ್ನು ಎಳೆದು ತಂದು ಮನೆ ಸೇರಿಸುತ್ತದೆ.

"ನಟ್ಟು ಎಳೆಯೋದನ್ನ ನಿಲ್ಸೋಕಾಗಲ್ಲ" ಎಂದೆ. "ಎಳೆಯುವಷ್ಟು ಜಾಗ ಬಿಟ್ಟು ಕೂರಿಸ್ಬೇಕು. ಎಷ್ಟು ಎಳೀತದೆ ಅಂತ ನಿಮ್ಮ ಸಾಫ್ಟ್‌ವೇರ್ ಹೇಳುತ್ತಾ?"

ಅಳಿಯಂದಿರು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಲ್ಯಾಪ್‌ಟಾಪಿನ ಮುಂದೆ ಮಂಡಿಯೂರಿದರು. ಬಿಗಿದ ಮೌಂಟಿನ ಮೇಲೆಯೇ ಮೂರು ಫೋಟೋ. ಅಂಕಿ ಬಂತು: ಬಲಕ್ಕೆ ಹದಿನೆಂಟು. ನಟ್ಟು ಸಡಿಲಿಸಿ, ತಿರುಪು ತಿರುಗಿಸಿ ಸೊನ್ನೆಗೆ ತಂದು, ನಟ್ಟು ಬಿಗಿದು, ಮತ್ತೆ ಮೂರು ಫೋಟೋ. ಮತ್ತೆ ಬಲಕ್ಕೆ ಹದಿನೆಂಟು. ಆ ಹದಿನೆಂಟನ್ನು ನೋಡಿ ಅವರು ನಕ್ಕರು. ಸ್ಟುಡಿಯೋ ಮುಚ್ಚಿದ ಮೇಲೆ ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು.

ಇನ್ನು ಉಳಿದದ್ದು ಸಣ್ಣ ಕೆಲಸ. ನಟ್ಟು ಸಡಿಲಿಸಿದರು. ಎದುರುಬದುರು ಇದ್ದ ಎರಡು ತಿರುಪುಗಳಲ್ಲಿ ಒಂದನ್ನು ಸಡಿಲ ಬಿಟ್ಟು ಇನ್ನೊಂದನ್ನು ಬಿಗಿಯುತ್ತಾ ಸೊನ್ನೆಗೆ ತಂದು, ಸೊನ್ನೆಯನ್ನೂ ದಾಟಿಸಿ, ಎಡಕ್ಕೆ ಹದಿನೆಂಟರಲ್ಲಿ ನಿಲ್ಲಿಸಿದರು. ಬೇಕೆಂದೇ ತಪ್ಪು ಜಾಗದಲ್ಲಿ. ಆಮೇಲೆ ಸ್ಪ್ಯಾನರನ್ನು ನನ್ನ ಕಡೆ ಚಾಚಿದರು.

"ನೀವೇ ಬಿಗೀರಿ ಮಾವ. ಬೆಳಿಗ್ಗೆ ಬಿಗಿದಷ್ಟೇ."

ನನ್ನ ಕೈ ಈಗೀಗ ನಡುಗುತ್ತದೆ. ಲೋಟದ ನೀರು ತುಳುಕುತ್ತದೆ. ಆದರೆ ಸ್ಪ್ಯಾನರ್ ಹಿಡಿದಾಗ ಅಷ್ಟು ನಡುಗುವುದಿಲ್ಲ, ಯಾಕೋ ಗೊತ್ತಿಲ್ಲ. ಅರ್ಧ ಸುತ್ತು ಹಾಕಿದೆ. ಬೆರಳ ಕೆಳಗೆ ತಲೆ ಜರುಗಿ ಕೂತದ್ದು ತಿಳಿಯಿತು. ಮೂರು ಫೋಟೋ. ಅಂಕಿ ಒಂದು.

ಕೃತ್ತಿಕೆಗೆ ತಿರುಗಿಸಿ ಗುಂಡಿ ಒತ್ತಿದ ಮರುಗಳಿಗೆ ಮಗಳ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಅಣ್ಣ. ಅವಳು ಅದನ್ನು ಶಾಲಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು, ತುದಿಗಾಲಲ್ಲಿ ಮೆಟ್ಟಿಲು ಇಳಿದಳು. ಕೆಳಗಿನಿಂದ ಅವಳ ಪಿಸುಮಾತು ಕೇಳಿಸಿತು. "ಭಾವ, ಅವರು ಇಲ್ಲೇ ಇದ್ದಾರೆ, ಆದ್ರೆ ಇನ್ನು ಮೂರು ನಿಮಿಷ ಇದ್ದೂ ಇಲ್ಲ. ಆಮೇಲೆ ಅವರೇ ಮಾಡ್ತಾರೆ."

ಅವಳು ಮೇಲೆ ಬರುವ ಹೊತ್ತಿಗೆ ಫೋಟೋ ಪರದೆಯ ಮೇಲಿತ್ತು. ಅಳಿಯಂದಿರು ಅದನ್ನು ದೊಡ್ಡದು ಮಾಡಿದರು, ಇನ್ನೂ ದೊಡ್ಡದು ಮಾಡಿದರು. ನಕ್ಷತ್ರಗಳು ಎಲ್ಲ ಕಡೆಯಿಂದಲೂ ದುಂಡಗಿದ್ದವು. ಅವುಗಳ ಸುತ್ತ ತೆಳ್ಳಗೆ ನೀಲಿ ಹಬೆಯಂಥದ್ದು ಹರಡಿತ್ತು. ಅದು ಬರಿಗಣ್ಣಿಗೆ ಕಾಣುವುದಿಲ್ಲ ಎಂದು ಅವರು ಹೇಳಿದರು.

ಮಗಳು ಬಗ್ಗಿ ನೋಡಿದಳು. "ಅಕ್ಕಿ ಹೋಗಿ ಸಾಸಿವೆ ಆಯ್ತು" ಎಂದಳು. ಆಮೇಲೆ ಗಂಡನ ಬೆನ್ನ ಮೇಲೆ ಕೈ ಇಟ್ಟು, "ಸವತಿ ಚೆನ್ನಾಗೇ ಇದ್ದಾಳೆ ಬಿಡಿ" ಎಂದಳು.

ಅಳಿಯಂದಿರು ಅಣ್ಣನಿಗೆ ಫೋನು ಮಾಡಿದ್ದು ಊಟವಾದ ಮೇಲೆ. ಈಗ ಬರೋಕಾಗಲ್ಲ ಎಂದರು. ಅತ್ತಲಿನ ಅಣ್ಣ ಏನು ಹೇಳಿದರೋ, ಇವರು ಮಾತ್ರ ಎರಡು ಸಲ, ಇಲ್ಲ ಅಣ್ಣಾ, ಕೋಪ ಇಲ್ಲ, ಎಂದರು. ಫೋಟೋ ಇನ್ನೂ ಕೇಂದ್ರದವರ ಕೈ ಸೇರಿರಲಿಲ್ಲ. ಆದರೂ ಹಾಗೆಂದರು.

ಆ ರಾತ್ರಿ ಮಲಗುವ ಮುಂಚೆ ನಾನು ಮಗಳಿಗೆ ಬ್ರೆಡ್ಡಿನವನ ಕಥೆ ಹೇಳಿದೆ. ಅವಳು, ಅವನು ಈಗ ಇದ್ದಾನಾ ಎಂದು ಕೇಳಿದಳು. ಇಲ್ಲ ಎಂದೆ. ನನ್ನ ಹಾಸಿಗೆಯ ಅಂಚನ್ನು ಒಮ್ಮೆ ಸರಿಮಾಡಿ, ದೀಪ ಆರಿಸಿ ಹೋದಳು. ನಾನು ತಡಮಾಡಿದೆ, ಅದು ನನಗೆ ಗೊತ್ತು. ಇಷ್ಟು ವರ್ಷದ ಮೇಲೆ ಬಿಚ್ಚಿದ ಬಾಯಿ ಆ ಮನುಷ್ಯನ ಕೈಯನ್ನು ಮೇಲೆತ್ತುವುದಿಲ್ಲ.

ವಿಜ್ಞಾನ ಕೇಂದ್ರದಿಂದ ಕರೆ ಬಂದದ್ದು ಹನ್ನೆರಡು ದಿನದ ಮೇಲೆ. ಆರು ತಿಂಗಳು ನೋಡೋಣ ಎಂದಿದ್ದಾರೆ. ಈಗ ಅಳಿಯಂದಿರು ಸಂಜೆ ನಾಲ್ಕಕ್ಕೆ ಹೊರಡುತ್ತಾರೆ, ಬಂದವರನ್ನು ಸ್ಟೂಲು ಹತ್ತಿಸಿ, ಗದ್ದ ಸ್ವಲ್ಪ ಮೇಲೆ ಎಂದು ಹೇಳಿ ಆಕಾಶ ತೋರಿಸುತ್ತಾರಂತೆ.

ಮೊನ್ನೆ ಅಡುಗೆಮನೆಯ ನಲ್ಲಿಯ ನಟ್ಟು ಸಡಿಲವಾಗಿತ್ತು. ಚೀಲ ತೆಗೆದು ನೋಡಿದರೆ ಆ ದೊಡ್ಡ ಸ್ಪ್ಯಾನರ್ ಇರಲಿಲ್ಲ. ಸಂಜೆ ನಾಲ್ಕಕ್ಕೆ ಅದೂ ಅಳಿಯಂದಿರ ಚೀಲದಲ್ಲಿ ಹೊರಡುತ್ತದೆ ಎಂದು ನನಗೆ ಗೊತ್ತು. ನಾನು ಕೇಳಲಿಲ್ಲ. ನಲ್ಲಿಗೆ ಬೇರೆ ಸ್ಪ್ಯಾನರ್ ಸಾಕಾಯಿತು.